ಲೈಸೆನ್ಸು ಮನೆಗೇ ಬರುತ್ತದೆ, ಡ್ರೈವಿಂಗ್ ಬರುವುದಿಲ್ಲ

ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ಒಂದು ಪೋರ್ಷೆ ಕಾರು ಬೈಕೊಂದಕ್ಕೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದನೆಂದು ಪೊಲೀಸರು ಹೇಳಿದ ಹುಡುಗನಿಗೆ ಆಗ 17 ವರ್ಷ. ಅದೇ ದಿನ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ರಸ್ತೆ ಅಪಘಾತಗಳ ಕುರಿತು 300 ಪದಗಳ ಪ್ರಬಂಧ ಬರೆಯಬೇಕು ಎಂಬುದು ಷರತ್ತುಗಳಲ್ಲೊಂದು. ದೇಶ ಹೌಹಾರಿತು. ಎರಡು ಜೀವಕ್ಕೆ 300 ಪದವೇ ಎಂದು ಟೀವಿಯಲ್ಲಿ, ಫೋನಿನಲ್ಲಿ, ಚಹಾದಂಗಡಿಯಲ್ಲಿ ಜನ ಕೇಳಿದರು. ಕೆಲವೇ ದಿನಗಳಲ್ಲಿ ಆ ಆದೇಶ ಬದಲಾಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದೆ, ಅದರ ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ.

ನನ್ನ ತಕರಾರು ನಮ್ಮ ಸಿಟ್ಟಿನ ಬಗ್ಗೆ. ರಸ್ತೆಯ ಬಗ್ಗೆ ನಾಲ್ಕಕ್ಷರ ಬರೆದವನು ರಸ್ತೆಗೆ ಯೋಗ್ಯನಾಗುತ್ತಾನೆ ಎಂಬ ನಂಬಿಕೆಯನ್ನು ಆ ಮಂಡಳಿ ಹೊಸದಾಗಿ ಹುಟ್ಟುಹಾಕಲಿಲ್ಲ. ಈ ದೇಶದ ಲೈಸೆನ್ಸ್ ವ್ಯವಸ್ಥೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಮಂಡಳಿ 300 ಪದ ಕೇಳಿತು, ಸಾರಿಗೆ ಇಲಾಖೆ 15 ಪ್ರಶ್ನೆ ಕೇಳುತ್ತದೆ. ಮೊದಲನೆಯದಕ್ಕೆ ಬೀದಿಗಿಳಿದು ಕೂಗಿದ ನಾವು ಎರಡನೆಯದನ್ನು ಸೋಫಾದ ಮೇಲೆ ಕುಳಿತು, ಚಹಾ ಕುಡಿಯುತ್ತ, ಮೊಬೈಲಿನಲ್ಲಿ ಮುಗಿಸಿಕೊಂಡು 'ಎಷ್ಟು ಸಲೀಸಾಯಿತು' ಎಂದು ಸರ್ಕಾರವನ್ನು ಹೊಗಳುತ್ತಿದ್ದೇವೆ.

ಮನೆಯಲ್ಲೇ ಕುಳಿತು ಎಲ್‌ಎಲ್ ಪಡೆಯುವುದು ಹೇಗೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕೇಂದ್ರ ಸಾರಿಗೆ ಸಚಿವಾಲಯ 2021ರ ಮಾರ್ಚ್‌ನಲ್ಲಿ ಆಧಾರ್ ದೃಢೀಕರಣದ ಮೂಲಕ 18 ಸೇವೆಗಳನ್ನು ಕಚೇರಿಗೆ ಬಾರದೆಯೇ ಪಡೆಯಲು ಅವಕಾಶ ಕೊಟ್ಟಿತು. ಕಲಿಕಾ ಪರವಾನಗಿ ಅವುಗಳಲ್ಲೊಂದು. ಮಹಾರಾಷ್ಟ್ರ ಅದೇ ವರ್ಷ ಜೂನ್‌ನಲ್ಲಿ ಇದನ್ನು ಜಾರಿಗೆ ತಂದಿತು, ಕರ್ನಾಟಕವೂ ಅದೇ ದಾರಿ ಹಿಡಿಯಿತು. ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬಬೇಕು, ಶುಲ್ಕ ಕಟ್ಟಬೇಕು, ರಸ್ತೆ ಸುರಕ್ಷತೆಯ ವಿಡಿಯೊ ಪಾಠವನ್ನು ಕೊನೆಯವರೆಗೆ ಓಡಲು ಬಿಡಬೇಕು. ಆಮೇಲೆ ಫೋನಿಗೆ ಬರುವ ಪಾಸ್‌ವರ್ಡ್ ಹಾಕಿದರೆ ಪರೀಕ್ಷೆ ತೆರೆದುಕೊಳ್ಳುತ್ತದೆ. ಒಟ್ಟು 15 ಪ್ರಶ್ನೆ, 9 ಸರಿಯಾದರೆ ಪಾಸು. ಅಲ್ಲೇ ಲೈಸೆನ್ಸಿನ ಪಿಡಿಎಫ್. ಚಾಲಕ ಶಿಕ್ಷಣ ಎಂದು ಸರ್ಕಾರ ಪ್ರತಿಯೊಬ್ಬ ಪ್ರಜೆಗೂ ಕಡ್ಡಾಯ ಮಾಡಿರುವುದು ಇಷ್ಟನ್ನೇ, ಒಂದು ವಿಡಿಯೊ ಮತ್ತು ಹದಿನೈದು ಪ್ರಶ್ನೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಕಂಪ್ಯೂಟರ್ ಬೇಡ, ಸಾಲಿನಲ್ಲಿ ನಿಲ್ಲುವುದೇ ಚೆಂದವಿತ್ತು ಎಂದು ಹೇಳುವವನು ನಾನಲ್ಲ. ಆರ್‌ಟಿಒ ಕಚೇರಿಯ ಹೊರಗೆ ಮರದಡಿಯ ಮೇಜು, ಅದರ ಮೇಲೆ ಕಾರ್ಬನ್ ಹಾಳೆ, ಪಕ್ಕದಲ್ಲಿ 'ಸಾಹೇಬರಿಗೆ ಇಷ್ಟು, ನಮಗಿಷ್ಟು' ಎನ್ನುವ ಏಜೆಂಟ್, ಈ ಚಿತ್ರ ಕಣ್ಣಿಂದ ಮರೆಯಾದರೆ ಅಳುವವರು ಯಾರೂ ಇಲ್ಲ. ದಿನಗೂಲಿಯವನಿಗೆ ಒಂದು ಕೂಲಿ ಉಳಿಯುತ್ತದೆ. ಕೈಗೂಸಿನ ತಾಯಿಗೆ ಎರಡು ಬಸ್ಸು ಬದಲಿಸುವ ಕಷ್ಟ ತಪ್ಪುತ್ತದೆ. ಇನ್ನೂ ದೊಡ್ಡ ಲಾಭ ಭಾಷೆಯದು. ಸಿಂದಗಿಯಿಂದಲೋ ಅಫಜಲಪುರದಿಂದಲೋ ಪುಣೆಗೆ ಬಂದು ಊಟದ ಡಬ್ಬಿ ತಲುಪಿಸುವ ಹುಡುಗನಿಗೆ ಮರಾಠಿ ಮೇಷ್ಟರು ಗಡಿಬಿಡಿಯಲ್ಲಿ ಹೇಳುವ ಪಾಠಕ್ಕಿಂತ, ಕನ್ನಡದಲ್ಲಿ ಮೂರು ಸಲ ನಿಲ್ಲಿಸಿ ನೋಡಬಹುದಾದ ಪಾಠ ಖಂಡಿತ ಮೇಲು. ಗುರುತುಗಳ ಅರ್ಥ, ದಂಡದ ಮೊತ್ತ, ಅಪಘಾತವಾದಾಗ ಚಾಲಕನ ಕರ್ತವ್ಯ, ವಿಮೆಯ ಕಾಗದ, ಇವನ್ನೆಲ್ಲ ಪರದೆಯ ಮೇಲೆ ಚೆನ್ನಾಗಿಯೇ ಕಲಿಸಬಹುದು.

ಆದರೆ ಕಲಿಸುವುದು ಬೇರೆ, ಕಲಿತಿದ್ದಾನೆಂದು ಪ್ರಮಾಣಪತ್ರ ಕೊಡುವುದು ಬೇರೆ. ಪಾಠ ಮನೆಗೆ ಬರಲಿ. ಪರೀಕ್ಷೆಯನ್ನೂ ಮನೆಗೆ ಕಳಿಸಿದ್ದು ಯಾಕೆ? ಕ್ಯಾಮೆರಾ ಎದುರಿನ ಮುಖವನ್ನು ನೋಡಬಹುದು, ಮೇಜಿನ ಆಚೆ ನಿಂತು ಬೆರಳು ತೋರಿಸುವವನು ಅದಕ್ಕೆ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಮಕ್ಕಳು ಮನೆಯಲ್ಲಿ ಕುಳಿತು ಬರೆಯಲಿ ಎಂದು ಯಾವ ಸರ್ಕಾರವಾದರೂ ಹೇಳುತ್ತದೆಯೇ? ಬ್ಯಾಂಕಿನ ಗುಮಾಸ್ತೆಯ ಹುದ್ದೆಗೆ ಬೆರಳಚ್ಚು ತೆಗೆದುಕೊಂಡು, ಜೇಬು ತಡಕಿ ಒಳಗೆ ಬಿಡುವ ದೇಶ ನಮ್ಮದು. ತಪ್ಪು ಮಾಡಿದರೆ ಇನ್ನೊಬ್ಬರ ಪ್ರಾಣ ಹೋಗುವ ಕೆಲಸಕ್ಕೆ ಮಾತ್ರ ನಮಗೆ ಪ್ರಜೆಯ ಮೇಲೆ ಅಪಾರ ವಿಶ್ವಾಸ.

ಬ್ರಿಟನ್ನಿನಲ್ಲೂ ಬರಹದ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಆದರೆ ಮೇಲ್ವಿಚಾರಣೆಯ ಕೇಂದ್ರದಲ್ಲಿ. 50 ಪ್ರಶ್ನೆಗಳಿಗೆ 43 ಸರಿಯುತ್ತರ ಬೇಕು. 2002ರಿಂದ ಅದರ ಜೊತೆಗೆ ಅಪಾಯ ಗುರುತಿಸುವ ಪರೀಕ್ಷೆಯೂ ಇದೆ. ರಸ್ತೆಯ 14 ವಿಡಿಯೊ ತುಣುಕು ಓಡುತ್ತವೆ, ಅಪಾಯ ರೂಪುಗೊಳ್ಳುತ್ತಿದೆ ಎನಿಸಿದ ಕ್ಷಣ ಒತ್ತಬೇಕು, ಬೇಗ ಕಂಡುಕೊಂಡವನಿಗೆ ಹೆಚ್ಚು ಅಂಕ. ಪರದೆಯನ್ನು ಬುದ್ಧಿವಂತಿಕೆಯಿಂದ ಬಳಸುವುದೆಂದರೆ ಹೀಗೆ. ನಮ್ಮದು 15ಕ್ಕೆ 9, ಅಂದರೆ ಶೇ. 60. ಹತ್ತು ನಿಯಮಗಳಲ್ಲಿ ನಾಲ್ಕು ಗೊತ್ತಿಲ್ಲದವನು ರಸ್ತೆಗೆ ಇಳಿಯಬಹುದು ಎಂದು ಕಾನೂನೇ ಒಪ್ಪಿಕೊಂಡಂತೆ. ಆ ನಾಲ್ಕರಲ್ಲಿ ಒಂದು, ಪಾದಚಾರಿ ದಾಟುವಾಗ ನಿಲ್ಲಬೇಕು ಎಂಬುದೂ ಇರಬಹುದು.

'ಆನ್‌ಲೈನ್ ಆಗಿದ್ದರಿಂದ ಏಜೆಂಟರ ಕಾಟ ತಪ್ಪಿತಲ್ಲ' ಎನ್ನುವವರಿದ್ದಾರೆ. ಏಜೆಂಟ್ ಏನು ಮಾರುತ್ತಿದ್ದ ಎಂಬುದನ್ನು ನೆನಪಿಸಿಕೊಂಡರೆ ಈ ಮಾತು ನಿಲ್ಲುವುದಿಲ್ಲ. ಮರಿಯಾನ್ ಬರ್ಟ್ರಾಂಡ್, ಸಿಮಿಯೋನ್ ಜಾಂಕೋವ್, ರೆಮಾ ಹನ್ನಾ, ಸೆಂಧಿಲ್ ಮುಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿದ 822 ಜನರನ್ನು ಹಿಂಬಾಲಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೈಸೆನ್ಸು ಸಿಕ್ಕವರಲ್ಲಿ ಶೇ. 71ರಷ್ಟು ಜನ ವಾಹನ ಓಡಿಸುವ ಪರೀಕ್ಷೆಯನ್ನೇ ಕೊಟ್ಟಿರಲಿಲ್ಲ. ಲೈಸೆನ್ಸು ಕೈಗೆ ಬಂದ ಮೇಲೆ ಸಂಶೋಧಕರು ತಾವೇ ಪರೀಕ್ಷೆ ಇಟ್ಟರೆ ಶೇ. 62ರಷ್ಟು ಜನ ಫೇಲಾದರು. ಏಜೆಂಟ್ ಮಾರುತ್ತಿದ್ದ ಸರಕು ಫಾರ್ಮು ತುಂಬುವ ಶ್ರಮವಲ್ಲ, ಕಲಿಯದೆ ಪಾಸಾಗುವ ಅನುಕೂಲ. ಆ ಅನುಕೂಲಕ್ಕೆ ಗಿರಾಕಿ ಇರುವವರೆಗೆ ಅವನು ಎಲ್ಲಿಗೂ ಹೋಗುವುದಿಲ್ಲ. ಮರದಡಿಯಿಂದ ಎದ್ದು ಸೈಬರ್ ಅಂಗಡಿಯೊಳಗೆ ಕೂರುತ್ತಾನೆ. ಹಿಂದೆ ಅವನಿಗೆ ಒಳಗಿನ ಅಧಿಕಾರಿಯ ಸಹಕಾರ ಬೇಕಿತ್ತು, ಈಗ ನಿಮ್ಮ ಒಟಿಪಿ ಸಾಕು.

ಇಷ್ಟಾದರೂ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಬರೆದವನ ಮಾತೇನು? ಅವನಿಗೆ ನಿಯಮ ಗೊತ್ತು. ನಿಯಮ ಗೊತ್ತಿದ್ದರೆ ಸಾಕೇ ಎಂಬುದಕ್ಕೆ ಪುಣೆಗಿಂತ ಒಳ್ಳೆಯ ಉತ್ತರ ಬೇರೆ ಊರು ಕೊಡಲಾರದು. ಬೈಕ್ ಸವಾರ ಹೆಲ್ಮೆಟ್ ಹಾಕಬೇಕೇ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಪುಣೇಕರ್ ಒಬ್ಬನೂ ಸಿಗಲಿಕ್ಕಿಲ್ಲ. 2019ರ ಜನವರಿಯಲ್ಲಿ ಪೊಲೀಸರು ಹೆಲ್ಮೆಟ್ ನಿಯಮವನ್ನು ಬಿಗಿ ಮಾಡಿದಾಗ ಇದೇ ಊರಿನಲ್ಲಿ ಹೆಲ್ಮೆಟ್ಟಿಗೆ ಅಣಕು ಅಂತ್ಯಸಂಸ್ಕಾರ ನಡೆಸಿ ಪ್ರತಿಭಟಿಸಿದರು. ಅವರಲ್ಲಿ ಓದಿದವರಿದ್ದರು, ಹಿರಿಯರಿದ್ದರು. ಜ್ಞಾನದ ಕೊರತೆ ಎಲ್ಲಿತ್ತು? ರಸ್ತೆಯ ಮೇಲೆ ನಮ್ಮನ್ನು ಕಾಯುವುದು ಅಭ್ಯಾಸ. ಅದು ಕೈಯಲ್ಲಿ, ಕಾಲಲ್ಲಿ, ಕುತ್ತಿಗೆ ತಿರುಗಿಸುವುದರಲ್ಲಿ ಇರುತ್ತದೆ. ನಮ್ಮಲ್ಲಿ ಇದಕ್ಕೊಂದು ಹಳೆಯ ಮಾತೇ ಇದೆ, ಪುಸ್ತಕದ ಬದನೆಕಾಯಿ ಎಂದು. ಈಗ ಅದು ಪರದೆಯ ಬದನೆಕಾಯಿಯಾಗಿದೆ, ಅಷ್ಟೇ ವ್ಯತ್ಯಾಸ.

ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ನಾಯಿ ಬಂತು, ಮಗು ಬಂತು ಎಂದು ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚೇ ಹಿಡಿಯುತ್ತದೆ. ಅಂದರೆ ಬ್ರೇಕ್ ಒತ್ತುವ ಮೊದಲೇ ಒಂದು ಬಸ್ಸು, ಒಂದು ಲಾರಿಯ ಉದ್ದದಷ್ಟು ದೂರ ಮುಂದೆ ಹೋಗಿಯಾಗಿರುತ್ತದೆ. ಈ ಲೆಕ್ಕವನ್ನು ವಿಡಿಯೊದಲ್ಲಿ ಐದು ನಿಮಿಷಕ್ಕೆ ತಿಳಿಯಬಹುದು. ಮುಂದಿನ ಗಾಡಿಯಿಂದ ಅಷ್ಟು ಅಂತರವನ್ನು, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದರೂ, ಪಕ್ಕದವನು ಮೂತಿ ತೂರಿಸುತ್ತಿದ್ದರೂ, ಕಾಯ್ದುಕೊಳ್ಳುವುದು ಮಾತ್ರ ಪಕ್ಕದಲ್ಲಿ ಕುಳಿತು 'ಬಿಡು, ಹೋಗಲಿ ಅವನು' ಎನ್ನುವವರಿಲ್ಲದೆ ಬರುವುದಿಲ್ಲ. ಹಾಫ್ ಕ್ಲಚ್‌ನಲ್ಲಿ ಏರು ಹತ್ತುವುದು, ಮಳೆಯಲ್ಲಿ ಬ್ರೇಕನ್ನು ಒಮ್ಮೆಗೇ ಒತ್ತದಿರುವುದು, ಎದುರಿನ ಹೈಬೀಮ್‌ಗೆ ಕಣ್ಣು ಕೊಡದೆ ಎಡ ಅಂಚನ್ನು ನೋಡುವುದು, ಇವೆಲ್ಲ ಮೈಗೆ ಹತ್ತಬೇಕಾದ ಪಾಠಗಳು. ಮೈಗೆ ಹತ್ತಲು ಗಂಟೆಗಳು ಬೇಕು.

ಪುಣೆಯಿಂದ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿ 48 ನಮ್ಮಲ್ಲಿ ಅನೇಕರಿಗೆ ಊರಿನ ದಾರಿ. ಬೆಳಗಾವಿ, ಧಾರವಾಡದ ಬಸ್ಸುಗಳು ಪುಣೆಗೆ ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುತ್ತವೆ. ಆ ಉದ್ದ ಇಳಿಜಾರಿನಲ್ಲಿ 2022ರ ನವೆಂಬರ್‌ನಲ್ಲಿ ಹತೋಟಿ ತಪ್ಪಿದ ಒಂದು ಟ್ಯಾಂಕರ್ 40ಕ್ಕೂ ಹೆಚ್ಚು ವಾಹನಗಳನ್ನು ನುಜ್ಜುಗುಜ್ಜು ಮಾಡಿತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಗಾಡಿ ಬಿಡಬೇಡಿ ಎಂಬ ಎಚ್ಚರಿಕೆ ಈ ಇಳಿಜಾರಿಗೆ ಸಂಬಂಧಿಸಿ ಪದೇ ಪದೇ ಕೇಳಿಬರುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಕಾದರೆ ಹಿಡಿಯುವುದಿಲ್ಲ ಎಂಬುದು ಬಾಯಿಪಾಠದ ಸಂಗತಿಯಲ್ಲ. ಇಂಥ ಇಳಿಜಾರಿನಲ್ಲಿ ಒಮ್ಮೆ ಅನುಭವಸ್ಥನ ಜೊತೆ ಇಳಿದವನಿಗೆ ಅದು ಜನ್ಮಕ್ಕೂ ಮರೆಯದು. 'ರಸ್ತೆಯ ವಿನ್ಯಾಸದ್ದೇ ತಪ್ಪು, ಚಾಲಕನನ್ನೇಕೆ ದೂರುತ್ತೀರಿ' ಎನ್ನುವವರ ಮಾತಿನಲ್ಲೂ ಸತ್ಯವಿದೆ. ಆ ಇಳಿಜಾರನ್ನು ಸರಿಪಡಿಸುವುದು ಹೆದ್ದಾರಿ ಪ್ರಾಧಿಕಾರದ ಹೊಣೆ, ಅದರಿಂದ ಯಾರೂ ತಪ್ಪಿಸಿಕೊಳ್ಳಬಾರದು. ಆದರೆ ಕೆಟ್ಟ ರಸ್ತೆ ಇರುವ ದೇಶದಲ್ಲಿ ಚಾಲಕನ ತರಬೇತಿ ಹೆಚ್ಚು ಬೇಕಾಗುತ್ತದೆಯೇ ಹೊರತು ಕಡಿಮೆಯಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮವನ್ನು ತೆರೆದು ನೋಡಿ. ಡ್ರೈವಿಂಗ್ ಶಾಲೆಯಲ್ಲಿ ಖಾಸಗಿ ವಾಹನದ ತರಬೇತಿ 21 ದಿನಕ್ಕಿಂತ ಕಡಿಮೆ ಇರಕೂಡದು, ನಿಜವಾಗಿ ಗಾಡಿ ಓಡಿಸುವ ಸಮಯ 10 ಗಂಟೆಗಿಂತ ಕಡಿಮೆಯಾಗಕೂಡದು. ಸಾರಿಗೆ ವಾಹನಕ್ಕಾದರೆ 30 ದಿನ, 15 ಗಂಟೆ. 2021ರಲ್ಲಿ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಇನ್ನೂ ಮುಂದೆ ಹೋಗುತ್ತದೆ. ಕಾರಿನಂಥ ಲಘು ವಾಹನಕ್ಕೆ 29 ಗಂಟೆಯ ಪಾಠ, ಅದರಲ್ಲಿ 8 ಗಂಟೆ ತರಗತಿ, 21 ಗಂಟೆ ಕೈಯಾರೆ ಅಭ್ಯಾಸ. ಈ ಅನುಪಾತವನ್ನು ಗಮನಿಸಿ. ಚಾಲನೆಯಲ್ಲಿ ಓದಿ ತಿಳಿಯುವ ಭಾಗ ಮೂರನೆಯ ಒಂದಂಶಕ್ಕಿಂತಲೂ ಕಡಿಮೆ ಎಂದು ಸರ್ಕಾರದ ಪಠ್ಯಕ್ರಮವೇ ಹೇಳುತ್ತಿದೆ. ಎಲ್ಲರಿಗೂ ಕಡ್ಡಾಯವಾಗಿರುವುದು ಮಾತ್ರ ಆ ಸಣ್ಣ ಭಾಗದ ಒಂದು ತುಣುಕು.

ಯಾಕೆಂದರೆ ಖಾಸಗಿ ವಾಹನದ ಲೈಸೆನ್ಸಿಗೆ ಶಾಲೆಗೆ ಹೋಗಲೇಬೇಕೆಂಬ ನಿಯಮವಿಲ್ಲ. ಹೋದರೆ 21 ದಿನ, ಹೋಗದಿದ್ದರೆ ಸೊನ್ನೆ. ಸೋದರಮಾವ ಊರಾಚೆಯ ಬಯಲಿನಲ್ಲಿ ಎರಡು ಭಾನುವಾರ ಕಲಿಸಿದರೂ ನಡೆಯುತ್ತದೆ. ಎಲ್‌ಎಲ್ ಸಿಕ್ಕ 30 ದಿನಗಳ ನಂತರ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಆ ನಡುವೆ ಎಷ್ಟು ಗಂಟೆ ಓಡಿಸಿದೆ, ಯಾರ ಜೊತೆ ಓಡಿಸಿದೆ, ರಾತ್ರಿ ಓಡಿಸಿದ್ದೀಯಾ ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ. ಕಾರಿನ ಎಲ್‌ ಬೋರ್ಡಿನವನ ಪಕ್ಕದಲ್ಲಿ ಲೈಸೆನ್ಸು ಇದ್ದವನು ಕೂರಬೇಕೆಂಬ ನಿಯಮವಾದರೂ ಇದೆ. ಬೈಕಿನವನ ಪಕ್ಕ ಕೂರಲು ಜಾಗವೇ ಇಲ್ಲ. ಅವನು ಮೊದಲ ದಿನದಿಂದಲೇ ಒಂಟಿ.

'ಕೊನೆಗೆ ಗಾಡಿ ಓಡಿಸಿ ತೋರಿಸಲೇಬೇಕಲ್ಲ' ಎನ್ನಬಹುದು. ನಿಜ. ಪುಣೆಯಲ್ಲಿ ಕಾರಿನವರು ನಾಶಿಕ್ ಫಾಟಾದ ಬಳಿ ಐಡಿಟಿಆರ್ ಟ್ರ್ಯಾಕಿನ ಪರೀಕ್ಷೆ ಎಂದರೆ ಬೆವರುವುದುಂಟು. ಅದು ಒಳ್ಳೆಯದೇ. ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್ ಇಲ್ಲ, ದಾಟಲು ಕಾದಿರುವ ಅಜ್ಜಿ ಇಲ್ಲ, ಮಳೆ ಇಲ್ಲ, ರಾತ್ರಿ ಇಲ್ಲ. ಕೆಲವೇ ನಿಮಿಷಗಳ ಆ ಸುತ್ತು ಗಾಡಿಯ ಮೇಲೆ ನಿನಗೆ ಹಿಡಿತವಿದೆಯೇ ಎಂದು ನೋಡುತ್ತದೆ, ಜನರ ನಡುವೆ ಓಡಿಸಬಲ್ಲೆಯಾ ಎಂದು ನೋಡುವುದಿಲ್ಲ. ಇಷ್ಟಕ್ಕೂ ಪುಣೆಯಲ್ಲಿ ಎಆರ್‌ಎಐ 1966ರಿಂದ, ಸಿಐಆರ್‌ಟಿ 1967ರಿಂದ ಇವೆ. ಹೊಸ ವಾಹನದ ಬ್ರೇಕು, ಹೊಗೆ, ದೀಪ ಎಲ್ಲವನ್ನೂ ಉಪಕರಣ ಹಚ್ಚಿ ಅಳೆದು, ಪಾಸಾದರೆ ಮಾತ್ರ ಮಾರಾಟಕ್ಕೆ ಬಿಡುವ ಊರು ಇದು. ಯಂತ್ರಕ್ಕೆ ಇಷ್ಟು ಪರೀಕ್ಷೆ, ಅದನ್ನು ಓಡಿಸುವವನಿಗೆ ಹದಿನೈದು ಪ್ರಶ್ನೆ.

ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸು ಇರುವವರು 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದು ಎಂದು ತೀರ್ಪು ಕೊಟ್ಟಿತು. ವಿಮಾ ಕಂಪನಿಗಳು ಲೈಸೆನ್ಸಿನ ನೆಪ ಹೇಳಿ ಪರಿಹಾರ ತಪ್ಪಿಸಿಕೊಳ್ಳುವುದಕ್ಕೆ ಇದು ತಡೆ ಹಾಕಿತು, ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಇದರಿಂದ ನೆರವಾಯಿತು. ತೀರ್ಪನ್ನು ನಾನು ದೂರುತ್ತಿಲ್ಲ. ಆದರೆ ಅದರ ನಂತರ ಲಘು ವಾಹನದ ಲೈಸೆನ್ಸೆಂದರೆ ಮನೆಮಂದಿ ಭಾನುವಾರ ದೇವಸ್ಥಾನಕ್ಕೆ ಹೋಗುವ ಕಾರಿನ ಚೀಟಿ ಮಾತ್ರವಲ್ಲ, ಹೊಟ್ಟೆಪಾಡಿಗೆ ಸರಕು ತುಂಬಿ ಓಡಿಸುವ ಗಾಡಿಯ ಚೀಟಿಯೂ ಹೌದು. ಸಾರಿಗೆ ವಾಹನದವನಿಗೆ ಶಾಲೆಯ ಪ್ರಮಾಣಪತ್ರ ಕೇಳುತ್ತಿದ್ದ ಬಾಗಿಲನ್ನು ಈಗ ಬಳಸಿ ಹೋಗಬಹುದು. ಆ ಚೀಟಿಯ ಹಿಂದಿರುವ ಕಡ್ಡಾಯ ಕಲಿಕೆ ಮಾತ್ರ ಅದೇ ವಿಡಿಯೊ, ಅದೇ ಹದಿನೈದು ಪ್ರಶ್ನೆ.

ನಮ್ಮ ನೆಂಟರಿಷ್ಟರು ಅಮೆರಿಕದಿಂದ ಫೋನು ಮಾಡಿದಾಗ 'ಇಲ್ಲೂ ಮಕ್ಕಳು ಡ್ರೈವರ್ಸ್ ಎಜುಕೇಶನ್ ಆನ್‌ಲೈನಿನಲ್ಲೇ ಮುಗಿಸುತ್ತಾರೆ' ಎನ್ನುವುದುಂಟು. ಅರ್ಧ ಸತ್ಯ. ಕ್ಯಾಲಿಫೋರ್ನಿಯಾದಲ್ಲಿ ಹದಿಹರೆಯದವರು ತರಗತಿಯ ಭಾಗವನ್ನು ಆನ್‌ಲೈನಿನಲ್ಲಿ ಮುಗಿಸಬಹುದು. ಆದರೆ ಅದರ ಬೆನ್ನಿಗೇ ಲೈಸೆನ್ಸು ಪಡೆದ ಬೋಧಕನ ಜೊತೆ 6 ಗಂಟೆ ಓಡಿಸಬೇಕು, ಅದರ ಮೇಲೆ ಹಿರಿಯರು ಪಕ್ಕದಲ್ಲಿ ಕುಳಿತು 50 ಗಂಟೆ ಅಭ್ಯಾಸ ಮಾಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿಯದಾಗಿರಬೇಕು. ತಂದೆತಾಯಿ ಆ ಗಂಟೆಗಳಿಗೆ ಸಹಿ ಹಾಕಬೇಕು. ಸನಿವೇಲ್‌ನ ಕನ್ನಡದ ಅಪ್ಪ ಆಫೀಸಿನಿಂದ ಬಂದು ಮಗಳ ಪಕ್ಕ ಕುಳಿತು, ಬ್ರೇಕ್ ಇಲ್ಲದ ಕಡೆಯೂ ಕಾಲು ಒತ್ತುತ್ತ ಊರು ಸುತ್ತುವುದು ಇದಕ್ಕೇ. ಆ ಆನ್‌ಲೈನ್ ಕೋರ್ಸು ಒಂದು ದೊಡ್ಡ ಏಣಿಯ ಮೊದಲ ಮೆಟ್ಟಿಲು. ನಾವು ಆ ಒಂದು ಮೆಟ್ಟಿಲನ್ನಷ್ಟೇ ತಂದುಕೊಂಡು ಅಟ್ಟ ಹತ್ತಿದೆವೆಂದು ಭಾವಿಸಿದ್ದೇವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಚಾಲಕ ಶಿಕ್ಷಣದಿಂದ ಅಪಘಾತ ಕಡಿಮೆಯಾಗುತ್ತದೆ ಎಂಬುದಕ್ಕೇ ಪುರಾವೆ ಕಡಿಮೆ ಎಂದು ಸಂಶೋಧಕರು ಹೇಳುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ 1970ರ ದಶಕದ ಕೊನೆಯಲ್ಲಿ ಸುಮಾರು 16,000 ಹೈಸ್ಕೂಲು ಮಕ್ಕಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಹೆಚ್ಚು ತರಬೇತಿ ಪಡೆದವರಿಗೂ ಪಡೆಯದವರಿಗೂ ನಡುವೆ ಮೊದಲ ಕೆಲವು ತಿಂಗಳು ಕಂಡ ವ್ಯತ್ಯಾಸ ಆಮೇಲೆ ಕರಗಿಹೋಯಿತು. ಹಾಗಿದ್ದರೆ ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲೇ ಮುಗಿಸಬಾರದೇ?

ಆ ದೇಶಗಳು ಈ ಪಾಠದಿಂದ ಏನು ಮಾಡಿದವು ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಅವು ಬಾಗಿಲು ಸಡಿಲ ಮಾಡಲಿಲ್ಲ, ಹಂತ ಹಂತವಾಗಿ ತೆರೆದವು. ನ್ಯೂಜಿಲೆಂಡ್ 1987ರಲ್ಲಿ ಹಂತದ ಲೈಸೆನ್ಸ್ ತಂದಿತು. ಮೊದಲು ಹಿರಿಯರ ಜೊತೆ ಮಾತ್ರ, ಆಮೇಲೆ ಒಂಟಿಯಾಗಿ ಆದರೆ ತಡರಾತ್ರಿ ಬೇಡ, ಗೆಳೆಯರ ಗುಂಪು ತುಂಬಿಕೊಂಡು ಬೇಡ, ಅದಾದ ಮೇಲೆ ಪೂರ್ತಿ ಲೈಸೆನ್ಸು. ಅಮೆರಿಕದ ರಾಜ್ಯಗಳು ಒಂದೊಂದಾಗಿ ಇದನ್ನು ಅನುಸರಿಸಿದವು, ಎಳೆಯ ಚಾಲಕರ ಸಾವುಗಳು ಇಳಿದವು. ಕೆಲವು ವಾರಗಳ ಕೋರ್ಸೇ ಸಾಲದು, ಕಣ್ಗಾವಲಿನಲ್ಲಿ ಕಳೆದ ದೀರ್ಘ ಅಭ್ಯಾಸ ಬೇಕು ಎಂಬುದು ಅದರ ತಾತ್ಪರ್ಯ. 'ತರಗತಿಯೇ ಸಾಲದು' ಎಂಬುದನ್ನು 'ತರಗತಿಯೂ ಬೇಡ' ಎಂದು ಓದುವುದು ನಮ್ಮ ಜಾಣತನ.

ಕೊನೆಯ ಆಕ್ಷೇಪ ಬಡವರ ಹೆಸರಿನಲ್ಲಿ ಬರುತ್ತದೆ. ತರಬೇತಿ ಕಡ್ಡಾಯವಾದರೆ ಶಾಲೆಗಳು ಸುಲಿಯುತ್ತವೆ, ಡೆಲಿವರಿ ಹುಡುಗ ಎಲ್ಲಿಂದ ತರಬೇಕು? ಈ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಆದರೆ ಈಗಿನ ಸಲೀಸಿನ ಬೆಲೆ ಯಾರು ತೆರುತ್ತಿದ್ದಾರೆ ಎಂಬುದನ್ನೂ ನೋಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ದ್ವಿಚಕ್ರ ವಾಹನದವರು ಶೇ. 44.5, ನಡೆದು ಹೋಗುತ್ತಿದ್ದವರು ಶೇ. 19.5. ಎರಡೂ ಸೇರಿದರೆ ಸತ್ತ ಮೂವರಲ್ಲಿ ಸುಮಾರು ಇಬ್ಬರು. ಅವರಲ್ಲಿ ಪೋರ್ಷೆಯವರಿಲ್ಲ. ಬೈಕಿನ ಮೇಲೆ ಒಂಟಿಯಾಗಿ ಕಲಿತವರು, ಫುಟ್‌ಪಾತಿಲ್ಲದ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದವರು ಇದ್ದಾರೆ. ದುಡಿಯುವ ಒಬ್ಬ ಸತ್ತರೆ ಆ ಮನೆ ಎಷ್ಟು ವರ್ಷ ಹಿಂದಕ್ಕೆ ಹೋಗುತ್ತದೆ ಎಂಬುದು ಆಳಂದ, ಇಂಡಿಯ ಹಳ್ಳಿಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ಬಡವನಿಗೆ ಕಲಿಕೆ ದುಬಾರಿಯಾದರೆ ಅದರ ಖರ್ಚನ್ನು ಸರ್ಕಾರ ಕೊಡಬೇಕು, ಹತ್ತು ನಿಮಿಷದಲ್ಲಿ ಸರಕು ಮುಟ್ಟಿಸುತ್ತೇವೆಂದು ಮೆರೆಯುವ ಕಂಪನಿ ಕೊಡಬೇಕು. ಕಲಿಕೆಯನ್ನೇ ರದ್ದು ಮಾಡುವುದು ಬಡವರ ಪರವಾದ ನೀತಿಯಲ್ಲ.

ಹಾಗಾದರೆ ಏನು ಬೇಕು? ಪಾಠ ಆನ್‌ಲೈನಿನಲ್ಲೇ ಇರಲಿ, ಇನ್ನೂ ಚೆನ್ನಾಗಿರಲಿ. ಪುಣೆಯಲ್ಲಿ ಕುಳಿತವನಿಗೆ ಕನ್ನಡದಲ್ಲಿ, ಬೆಂಗಳೂರಿನಲ್ಲಿ ಕುಳಿತವನಿಗೆ ಒಡಿಯಾದಲ್ಲಿ ಸಿಗಲಿ. ಬರೇ ಗುರುತುಗಳ ಪಟ್ಟಿಯ ಬದಲು ನಮ್ಮ ರಸ್ತೆಗಳದ್ದೇ ಚಿತ್ರಣ ಇಟ್ಟು ಅಪಾಯ ಗುರುತಿಸುವುದನ್ನು ಕಲಿಸಲಿ. ಪರೀಕ್ಷೆ ಮಾತ್ರ ಯಾರಾದರೂ ನೋಡುತ್ತಿರುವ ಕಡೆ ನಡೆಯಲಿ. ಅದು ಆರ್‌ಟಿಒ ಕಚೇರಿಯೇ ಆಗಬೇಕಿಲ್ಲ, ಊರಿನ ಕಾಲೇಜು, ಐಟಿಐ ಸಾಕು. ತೇರ್ಗಡೆಯ ಗೆರೆ ಶೇ. 60ರಿಂದ ಮೇಲೇರಲಿ. 31ನೇ ನಿಯಮದ 10 ಗಂಟೆ ಶಾಲೆಗೆ ಹೋದವನಿಗೆ ಮಾತ್ರವಲ್ಲದೆ ಎಲ್ಲರಿಗೂ ಕಡ್ಡಾಯವಾಗಲಿ, ಅದರಲ್ಲಿ ರಾತ್ರಿಯ ಗಂಟೆಗಳೂ ಇರಲಿ. ಮನೆಯವರೇ ಕಲಿಸುವುದಾದರೆ ಕಲಿಸಲಿ, ಗಂಟೆಗಳನ್ನು ಬರೆದು ಸಹಿ ಹಾಕಲಿ. ಬೈಕಿಗೆ ಪ್ರತ್ಯೇಕ ತರಬೇತಿ ಬರಲಿ, ಅತಿ ಹೆಚ್ಚು ಸಾಯುವವರು ಅವರೇ ಆದ್ದರಿಂದ ಮೊದಲು ಅದೇ ಬರಲಿ.

ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಬಗ್ಗೆಯೂ ಒಂದು ಎಚ್ಚರ ಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒದ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಪಠ್ಯಕ್ರಮ ಚೆನ್ನಾಗಿದೆ, ಗಂಟೆಗಳು ಸರಿಯಾಗಿವೆ. ಆದರೆ ಶುಲ್ಕ ತೆಗೆದುಕೊಳ್ಳುವವನೇ ಪಾಸು ಮಾಡುವವನೂ ಆದರೆ ಫೇಲು ಮಾಡುವ ಧೈರ್ಯ ಎಲ್ಲಿಂದ ಬರುತ್ತದೆ? ಕಲಿಸುವವನು ಒಬ್ಬ, ಪರೀಕ್ಷಿಸುವವನು ಇನ್ನೊಬ್ಬ ಇರಲೇಬೇಕು. ಇಲ್ಲದಿದ್ದರೆ ಮರದಡಿಯ ಮೇಜು ಹವಾನಿಯಂತ್ರಿತ ಕೋಣೆಗೆ ಹೋಗುತ್ತದೆ, ಬೇರೇನೂ ಬದಲಾಗುವುದಿಲ್ಲ.

ಇದೆಲ್ಲ ಸರ್ಕಾರ ಮಾಡಬೇಕಾದ್ದು, ಮಾಡುವವರೆಗೆ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಹದಿನೆಂಟು ತುಂಬುತ್ತಿರುವ ಮಗನೋ ಮಗಳೋ ಇದ್ದರೆ ಆ ಆನ್‌ಲೈನ್ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ಬರೆಯಿಸಬೇಡಿ. ಡ್ರೈವಿಂಗ್ ಶಾಲೆಯವರು 'ಎಲ್ಲ ಸೇರಿ ಪ್ಯಾಕೇಜ್, ನೀವು ಬರುವುದೇ ಬೇಡ' ಎಂದರೆ ಎದ್ದು ಬನ್ನಿ. ಕಲಿಸುವ ಕಾರಿನಲ್ಲಿ ಬೋಧಕನ ಕಾಲ ಬಳಿಯೂ ಬ್ರೇಕ್ ಇರಬೇಕು, ಇದೆಯೇ ಎಂದು ಬಗ್ಗಿ ನೋಡಿ. 21 ದಿನ, 10 ಗಂಟೆ ಎಂಬ ನಿಯಮವನ್ನು ತೋರಿಸಿ ಅಷ್ಟನ್ನೂ ಕೇಳಿ ಪಡೆಯಿರಿ, ಹದಿನೈದು ನಿಮಿಷ ಓಡಿಸಿ ಇಳಿಸಿದರೆ ಅದನ್ನು ಒಂದು ಗಂಟೆಯೆಂದು ಬರೆಯಲು ಬಿಡಬೇಡಿ. ಮಗನಿಗೆ ಹದಿನೆಂಟು ತುಂಬುವ ಮೊದಲು ಕೀಲಿ ಕೊಟ್ಟರೆ 2019ರ ತಿದ್ದುಪಡಿಯ 199ಎ ಕಲಮಿನ ಪ್ರಕಾರ ಪೋಷಕರಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ ಎಂಬುದು ನೆನಪಿರಲಿ. ಲೈಸೆನ್ಸು ಬಂದ ಮೇಲೂ ಮೊದಲ ಆರು ತಿಂಗಳು ಪಕ್ಕದ ಸೀಟಿನಲ್ಲಿ ನೀವೇ ಕುಳಿತುಕೊಳ್ಳಿ, ಮಳೆಯಲ್ಲಿ ಒಮ್ಮೆ, ರಾತ್ರಿ ಹತ್ತು ಸಲ, ಘಾಟಿನಲ್ಲಿ ಒಮ್ಮೆ. ಪಿಡಿಎಫ್ ಫೋನಿಗೆ ಬಂದ ದಿನ ಸಿಹಿ ಹಂಚಬೇಡಿ. ಆ ದಿನ ಕಲಿಯಲು ಅನುಮತಿ ಸಿಕ್ಕಿದೆ, ಅಷ್ಟೇ.